ಜಾತ್ರೆಯಲ್ಲಿ ಕೊಂಡ ಕತೆ ಕಾರ್ಡಿನ ಡಬ್ಬಿ: ಮೂರು ತಿಂಗಳು ಆಡಿಸಿದ ಮೇಲೆ

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮಗಳು ಬಲೂನು ಕೇಳಿದಳು, ನಾನು ಕಾರ್ಡಿನ ಡಬ್ಬಿ ಕೊಂಡೆ. ಆಮೇಲೆ ಬಲೂನೂ ಕೊಡಿಸಬೇಕಾಯಿತು, ಅದು ಬೇರೆ ಮಾತು. ಡಬ್ಬಿಯ ಮೇಲೆ 480 ರೂಪಾಯಿ ಅಂತಿತ್ತು. ಚೌಕಾಸಿ ಮಾಡಿ 400ಕ್ಕೆ ತಂದೆ. ಒಳಗೆ 24 ಕಾರ್ಡುಗಳಿವೆ. ಮುಂದೆ ಒಬ್ಬೊಬ್ಬ ನಾಯಕರ ಚಿತ್ರ, ಹಿಂದೆ ಆರೇಳು ಸಾಲಿನ ಕತೆ, ಕೆಳಗೆ ಮೂರು ಪ್ರಶ್ನೆ. ಸಮಾನ ಹಕ್ಕಿಗಾಗಿ ಹೋರಾಡಿದವರನ್ನು ಸಣ್ಣ ಮಕ್ಕಳಿಗೆ ಪರಿಚಯ ಮಾಡಿಸುವ ಸೆಟ್ಟು ಇದು, 5ರಿಂದ 9 ವರ್ಷದವರಿಗೆ ಅಂತ ಬರೆದಿದ್ದಾರೆ. ಮಾಡಿದವರ ಹೆಸರು ಹಾಕುವುದಿಲ್ಲ, ಯಾಕಂದರೆ ಮುಂದೆ ಸ್ವಲ್ಪ ಬೈಯುವುದಿದೆ.

ತಂದು ಕಪಾಟಿನ ಮೇಲಿಟ್ಟು ಮರೆತಿದ್ದೆ. ಜನವರಿ 26ರಂದು ಮಗಳು ಶಾಲೆಯಿಂದ ಕೈಯಲ್ಲಿ ಬೂಂದಿ ಪೊಟ್ಟಣ ಹಿಡಿದು ಬಂದಳು. ಒಂದನೇ ಕ್ಲಾಸು, ಆರು ವರ್ಷ. ಏನೇನು ಮಾಡಿದ್ರಿ ಅಂತ ಕೇಳಿದೆ. ಅಂಬೇಡ್ಕರ್ ಫೋಟೋಕ್ಕೆ ಹೂವಿನ ಹಾರ ಹಾಕಿದೆವು, ಕೈ ಮುಗಿದೆವು ಅಂದಳು. ಯಾಕೆ ಹಾಕೋದು ಅಂತ ಸುಮ್ನೆ ಕೇಳಿದೆ.

"ಸತ್ತಾರಲ್ಲ, ಅದಕ್ಕ. ನಮ್ಮ ಮುತ್ಯಾನ ಫೋಟೋಕ್ಕೂ ಹಾಕ್ತೀವಲ್ಲ."

ಅವಳ ಲೆಕ್ಕ ಸರಿಯಾಗಿಯೇ ಇದೆ ಅಲ್ವಾ? ಮನೆಯಲ್ಲಿ ಅವಳು ನೋಡಿದ್ದು ಅದನ್ನೇ. ಹಾರ ಹಾಕುವುದನ್ನು ನಾವೆಲ್ಲ ಕಲಿಸಿದ್ದೇವೆ, ಯಾಕೆ ಅನ್ನುವುದನ್ನು ಯಾರೂ ಹೇಳಿಲ್ಲ, ನಾನೂ ಹೇಳಿಲ್ಲ. ಅವತ್ತು ರಾತ್ರಿ ಡಬ್ಬಿ ಕೆಳಗಿಳಿಸಿದೆ. ಗಂಗಾವತಿಯಿಂದ ಅಣ್ಣನ ಮಗ ಬಂದಿದ್ದ, ಎಂಟು ವರ್ಷದವನು. ಈ ವಿಮರ್ಶೆಯ ಪರೀಕ್ಷಕರು ಈ ಇಬ್ಬರೇ.

ಮೊದಲು ತೆಗೆದದ್ದು ಅಂಬೇಡ್ಕರ್ ಕಾರ್ಡು. ಶುರು ಚೆನ್ನಾಗಿದೆ. ಹುಡುಗ ಭೀಮ ಶಾಲೆಗೆ ಹೋಗುವಾಗ ಕೂರಲು ಗೋಣಿತಾಟು ಮನೆಯಿಂದ ಒಯ್ಯಬೇಕು. ಬಾಯಾರಿದರೆ ನಲ್ಲಿ ಮುಟ್ಟುವ ಹಾಗಿಲ್ಲ, ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ನೀರು. ಜವಾನ ಬರದ ದಿನ ನೀರಿಲ್ಲ. ಇಬ್ಬರೂ ಬಾಯಿ ಮುಚ್ಚಿಕೊಂಡು ಕೇಳಿದರು. ಆಮೇಲೆ ಮಗಳು ಪರಿಹಾರ ಹೇಳಿದಳು, "ಬಾಟ್ಲಿ ಒಯ್ಬೇಕಿತ್ತು." ಬಾಟಲಿ ಖಾಲಿಯಾದರೆ ಅಂದೆ. "ತುಂಬಿಸ್ಕೊಂಡ್ರಾಯ್ತು." ಎಲ್ಲಿ ತುಂಬಿಸೋದು, ನಲ್ಲಿ ಮುಟ್ಟಬಾರದಲ್ಲ ಅಂದೆ. ಅವಳಿಗೆ ಸಿಟ್ಟು ಬಂತು. ಭೀಮನ ಮೇಲಲ್ಲ, ನಲ್ಲಿ ಮುಟ್ಟಬೇಡ ಅಂದವರ ಮೇಲೆ. ಆ ಸಿಟ್ಟು ನೋಡಿದ ಮೇಲೆ 400 ರೂಪಾಯಿ ದಂಡವಾಗಲಿಲ್ಲ ಅನ್ನಿಸಿತು.

ಆದರೆ ಕಾರ್ಡು ಅಲ್ಲಿಂದ ಒಂದೇ ಜಿಗಿತಕ್ಕೆ "ಮುಂದೆ ಸಂವಿಧಾನ ಶಿಲ್ಪಿಯಾದರು" ಅನ್ನುವಲ್ಲಿಗೆ ಹಾರಿಬಿಡುತ್ತದೆ. ಮಕ್ಕಳಿಗೆ ಬೇಕಾದದ್ದು ನೀರಿನ ಕತೆ ಏನಾಯಿತು ಅಂತ. ಅದು ಕಾರ್ಡಿನಲ್ಲಿಲ್ಲ. ನಾನೇ ಹೇಳಬೇಕಾಯಿತು. ಮಹಾಡ್ ಅನ್ನುವ ಊರಲ್ಲಿ ಚವದಾರ್ ಕೆರೆ ಇತ್ತು. ಸಾರ್ವಜನಿಕ ನೀರನ್ನು ಎಲ್ಲರೂ ಬಳಸಬಹುದು ಅಂತ ಮುಂಬಯಿಯ ಶಾಸನ ಸಭೆ 1923ರಲ್ಲೇ ನಿರ್ಣಯ ಮಾಡಿತ್ತು, ಮಹಾಡಿನ ಪುರಸಭೆಯೂ ಒಪ್ಪಿತ್ತು. ಕಾಗದದಲ್ಲಿ ಒಪ್ಪಿದ್ದು, ಕೆರೆಗೆ ಇಳಿಯಲು ಬಿಟ್ಟಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದು ಹೋಗಿ ಆ ಕೆರೆಯ ನೀರು ಕುಡಿದರು. ಆಮೇಲೆ ಅವರ ಜನರಿಗೆ ಹೊಡೆದರು, ಕೆರೆ ಮೈಲಿಗೆಯಾಯಿತು ಅಂತ ಸಗಣಿ, ಗಂಜಲ ಸುರಿದು 'ಶುದ್ಧ' ಮಾಡಿದರು. (ಇಲ್ಲಿ ಇಬ್ಬರೂ ಬಿದ್ದು ಬಿದ್ದು ನಕ್ಕರು. ಸಗಣಿ ಹಾಕಿ ನೀರು ಶುದ್ಧ ಮಾಡೋದಾ ಅಂತ. ನಾನು ತಡೆಯಲಿಲ್ಲ.) ಕೋರ್ಟಿನಲ್ಲಿ ಕೇಸು ನಡೆದು ಹೈಕೋರ್ಟಿನಲ್ಲಿ ಗೆದ್ದಿದ್ದು 1937ರಲ್ಲಿ. ಅಣ್ಣನ ಮಗ ಬೆರಳು ಮಡಚಿ ಎಣಿಸಿದ. "ನೀರು ಕುಡಿಯಾಕ ಹತ್ತು ವರ್ಷನಾ?"

ಆ ಪ್ರಶ್ನೆ ಬಂದ ಮೇಲೆ ಸಂವಿಧಾನ ಹೇಳುವುದು ಸುಲಭ. 17ನೇ ವಿಧಿಯಲ್ಲಿ ಅಸ್ಪೃಶ್ಯತೆ ರದ್ದಾಗಿದೆ, ಇನ್ನು ಯಾವ ಮಗುವಿಗೂ ನಲ್ಲಿ ಮುಟ್ಟಬೇಡ ಅನ್ನುವ ಹಾಗಿಲ್ಲ, ಹಾಗೆ ಅಂದವರಿಗೆ ಶಿಕ್ಷೆ ಇದೆ. ಜನವರಿ 26ಕ್ಕೂ ಆ ಫೋಟೋಕ್ಕೂ ಏನು ಸಂಬಂಧ ಅಂತ ಮಗಳಿಗೆ ಆಗ ಹೊಳೆಯಿತು. ಕಾರ್ಡಿನ ಕೆಳಗಿನ ಮೂರು ಪ್ರಶ್ನೆ ಯಾವುವು ಗೊತ್ತಾ? ಹುಟ್ಟಿದ ದಿನ, ಹುಟ್ಟಿದ ಊರು, ಬಿರುದು. ನೀರಿನ ಬಗ್ಗೆ ಒಂದೂ ಇಲ್ಲ. ಇದು ಈ ಡಬ್ಬಿಯ ದೊಡ್ಡ ರೋಗ. 24 ಕಾರ್ಡಿನಲ್ಲೂ ಪ್ರಶ್ನೆಗಳು ಹೀಗೇ ಇವೆ, ಕ್ವಿಜ್ ಕಾಂಪಿಟೇಷನ್ನಿಗೆ ತಯಾರು ಮಾಡುವ ಹಾಗೆ. ನಾವು ಎರಡನೇ ದಿನದಿಂದ ಆ ಪ್ರಶ್ನೆಗಳನ್ನು ಬಿಟ್ಟುಬಿಟ್ಟೆವು.

ಇನ್ನು ರೋಸಾ ಪಾರ್ಕ್ಸ್ ಕಾರ್ಡು. ಇದರಲ್ಲಿ ತಪ್ಪಿದೆ, ಕೊಳ್ಳುವವರು ಗಮನಿಸಿ. "ದಣಿದಿದ್ದ ರೋಸಾ ಅಜ್ಜಿ ಬಿಳಿಯರ ಸೀಟಿನಲ್ಲಿ ಕುಳಿತರು" ಅಂತ ಬರೆದಿದ್ದಾರೆ. ಅಜ್ಜಿಯೇನೂ ಅಲ್ಲ, ಆಗ ಅವರಿಗೆ 42 ವರ್ಷ. ಬಿಳಿಯರ ಸೀಟಿನಲ್ಲೂ ಕೂತಿರಲಿಲ್ಲ. ಅದರ ಹಿಂದಿನ ಸಾಲಿನಲ್ಲಿದ್ದರು, ಕಪ್ಪು ಜನರು ಕೂರಬಹುದಾದ ಜಾಗದಲ್ಲೇ. 1955ರ ಡಿಸೆಂಬರ್ 1ರಂದು, ಅಮೆರಿಕದ ಮಾಂಟ್ಗೊಮರಿ ಊರಿನ ಬಸ್ಸು. ಮುಂದಿನ ಸೀಟು ತುಂಬಿ ಒಬ್ಬ ಬಿಳಿಯ ಮನುಷ್ಯ ನಿಲ್ಲಬೇಕಾಯಿತು. ಅವನೊಬ್ಬನಿಗಾಗಿ ಆ ಸಾಲಿನ ನಾಲ್ಕೂ ಜನ ಏಳಿ ಅಂತ ಡ್ರೈವರ್ ಹೇಳಿದ. ಯಾಕಂದರೆ ಒಂದೇ ಸಾಲಿನಲ್ಲಿ ಬಿಳಿಯರ ಜೊತೆ ಕಪ್ಪು ಜನ ಕೂರುವ ಹಾಗಿಲ್ಲ. ಮೂವರು ಎದ್ದರು, ರೋಸಾ ಏಳಲಿಲ್ಲ.

ತಪ್ಪಾಗಿ ಹೇಳಿದರೆ ಏನು ನಷ್ಟ ಅನ್ನಬಹುದು. ನಷ್ಟ ಇದೆ. ಕಾರ್ಡಿನಲ್ಲಿದ್ದ ಹಾಗೇ ಓದಿದಾಗ ಅಣ್ಣನ ಮಗ, "ಬ್ಯಾರೇದವ್ರ ಸೀಟಿನ್ಯಾಗ ಕುಂತ್ರ ಎಬ್ಬಿಸ್ತಾರ, ರಿಸರ್ವೇಷನ್ ಇತ್ತೇನೋ" ಅಂದ. ಬಸ್ಸಿನಲ್ಲಿ ಮಹಿಳೆಯರ ಸೀಟಿನಿಂದ ಅವನನ್ನು ಒಮ್ಮೆ ಎಬ್ಬಿಸಿದ್ದಾರೆ, ಆ ನೆನಪು. ಹಾಗಾಗಿ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಬಸ್ಸು ಮಾಡಿದೆವು, ಹಿಂದಿನ ಸಾಲಿಗೆ ನಾಲ್ಕು ಕುರ್ಚಿ. ಮಗಳು ಡ್ರೈವರ್, ಊಟದ ತಟ್ಟೆಯೇ ಸ್ಟೇರಿಂಗು. ನಾಲ್ಕು ಕುರ್ಚಿಯಲ್ಲಿ ನಾನು, ಅತ್ತಿಗೆ, ಅಣ್ಣನ ಮಗ, ಒಂದು ಟೆಡ್ಡಿ. ಎಲ್ಲರೂ ಏಳಿ ಅಂತ ಮಗಳು ಕೂಗಿದ ಕೂಡಲೇ ಇವನು ಕೇಳಿದ್ದು, "ಮತ್ತ ಮೂರು ಸೀಟು ಖಾಲಿ ಉಳೀತಾವಲ್ಲ?" ಉಳಿಯುತ್ತವೆ. ಆ ಮೂರು ಖಾಲಿ ಕುರ್ಚಿಯೇ ಇಡೀ ಪಾಠ. ರಿಸರ್ವೇಷನ್ನಿನ ಮಾತು ಅಲ್ಲಿಗೆ ನಿಂತಿತು.

ಅವತ್ತು ಇನ್ನೊಂದು ಸಂಗತಿಯನ್ನೂ ಹೇಳಿದೆ, ಅದು ಡಬ್ಬಿಯಲ್ಲಿಲ್ಲ. ಆ ಊರಲ್ಲಿ ಕಪ್ಪು ಜನ ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಂದ ಮತ್ತೆ ಹತ್ತಬೇಕಿತ್ತು. ಕೆಲವು ಸಲ ಅಷ್ಟರಲ್ಲಿ ಬಸ್ಸು ಹೊರಟೇಬಿಡುತ್ತಿತ್ತು. 1943ರಲ್ಲಿ ರೋಸಾರನ್ನು ಹಾಗೆ ಕೆಳಗಿಳಿಸಿದ ಡ್ರೈವರೇ 12 ವರ್ಷದ ನಂತರ ಎದ್ದೇಳು ಅಂದವನು. ಮಕ್ಕಳಿಗೆ ಇದು ಸಿನಿಮಾ ಥರ ಹಿಡಿಸಿತು. ಮುಂದಿನ ಭಾನುವಾರವೂ ಬಸ್ಸು ಆಟವೇ.

ಹಾಗಂತ ಡಬ್ಬಿಯಲ್ಲಿ ಕೈ ಹಾಕಬಾರದ ಕಾರ್ಡುಗಳೇ ಇಲ್ಲ ಅಂತಲ್ಲ, ಬೇಕಾದಷ್ಟಿವೆ. "ಮಹಾನ್", "ತ್ಯಾಗಮಯಿ", "ಧೀಮಂತ" ಅನ್ನುವ ಪದಗಳನ್ನು ತೆಗೆದರೆ ಹತ್ತು ಹನ್ನೆರಡು ಕಾರ್ಡಿನಲ್ಲಿ ಏನೂ ಉಳಿಯುವುದಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಕಾರ್ಡು ನೋಡಿ ಬೇಜಾರಾಯಿತು. ಪೂರ್ತಿ 1963ರ ಭಾಷಣದ ಬಗ್ಗೆ, ಕೊನೆಗೆ ನೊಬೆಲ್. ಆರು ವರ್ಷದ ಮಗುವಿಗೆ ಭಾಷಣ ಅಂದರೆ ಬಿಸಿಲಲ್ಲಿ ನಿಲ್ಲಿಸುವುದು. ರೋಸಾರನ್ನು ಬಂಧಿಸಿದ ಮೇಲೆ ಮಾಂಟ್ಗೊಮರಿಯ ಕಪ್ಪು ಜನ 381 ದಿನ ಬಸ್ಸು ಹತ್ತದೆ ನಡೆದೇ ಓಡಾಡಿದರು, ಅದನ್ನು ಮುಂದೆ ನಿಂತು ನಡೆಸಿದವರು ಆಗ 26 ವರ್ಷದ ಕಿಂಗ್. ಈ ಎರಡು ಕಾರ್ಡನ್ನು ಜೋಡಿಸುವ ಒಂದು ಸಾಲು ಸಾಕಿತ್ತು. ಒಂದು ವರ್ಷಕ್ಕಿಂತ ಜಾಸ್ತಿ ನಡೆದೇ ಶಾಲೆಗೆ ಹೋಗಬೇಕು ಅಂದರೆ ಹೋಗ್ತೀರಾ ಅಂತ ಕೇಳಿದೆ. ಮಗಳು ಹೋಗ್ತೀನಿ ಅಂದಳು. ಅಣ್ಣನ ಮಗ ಗಂಗಾವತಿಯಿಂದ ಕೊಪ್ಪಳಕ್ಕೆ ನಡೆದು ಬರಬೇಕಾ ಅಂತ ಯೋಚನೆಗೆ ಬಿದ್ದ.

ಅದೇ ಕಾರ್ಡಿನ ಕೊನೆಯಲ್ಲಿ "1968ರಲ್ಲಿ ಅಮರರಾದರು" ಅಂತಿದೆ. ಅಮರ ಅಂದರೇನು ಅಂತ ಕೇಳಿದರು. ಸಾಯದೇ ಇರೋದು ಅಂದರೆ, "ಹಂಗಾರ ಈಗ ಎಲ್ಲಿದಾರ?" ಅಂತಾರೆ. ಗುಂಡು ಹಾರಿಸಿ ಕೊಂದರು ಅಂತ ನೇರವಾಗಿಯೇ ಹೇಳಿದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಮುಚ್ಚಿಡಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಆದರೆ ಮಲಗುವ ಹೊತ್ತಲ್ಲಿ ಹೇಳಿದ್ದು ನನ್ನ ತಪ್ಪು. ಅವರ ಹೆಸರಲ್ಲಿ ಅಮೆರಿಕದಲ್ಲಿ ಜನವರಿಯ ಮೂರನೇ ಸೋಮವಾರ ರಜೆ ಇದೆ ಅಂದಾಗ ಮುಖ ಅರಳಿತು. ಆ ರಜೆಯೂ ಸುಮ್ನೆ ಬರಲಿಲ್ಲ. ಅವರು ತೀರಿಕೊಂಡ ನಾಲ್ಕೇ ದಿನಕ್ಕೆ ಅಲ್ಲಿನ ಸಂಸತ್ತಿನಲ್ಲಿ ಮಸೂದೆ ತಂದರೂ ಅದು ಕಾನೂನಾಗಿದ್ದು 1983ರಲ್ಲಿ, ಮೊದಲ ರಜೆ 1986ರಲ್ಲಿ. ಕೇಳಿದ ಗೌರವ ಸಿಗಲೂ 15 ವರ್ಷ ಬೇಕಾಯಿತು.

ಇಡೀ ಡಬ್ಬಿಯಲ್ಲಿ ಅತಿ ಒಳ್ಳೆಯದು ರೂಬಿ ಬ್ರಿಜಸ್ ಕಾರ್ಡು. ಇದೊಂದನ್ನು ಬರೆದವರು ಬೇರೆಯವರೇ ಇರಬೇಕು. 1960, ನ್ಯೂ ಆರ್ಲಿಯನ್ಸ್, ಆರು ವರ್ಷದ ಕಪ್ಪು ಹುಡುಗಿ ಬಿಳಿಯರ ಶಾಲೆಗೆ ಮೊದಲ ದಿನ ಹೋಗುತ್ತಾಳೆ. ಹೊರಗೆ ಜನ ಕೂಗಾಡುತ್ತಿದ್ದಾರೆ, ಸರ್ಕಾರದ ಕಾವಲಿನವರು ಅವಳನ್ನು ಒಳಗೆ ಕರೆದೊಯ್ಯುತ್ತಾರೆ. ಬಿಳಿಯ ಅಪ್ಪ ಅಮ್ಮಂದಿರು ತಮ್ಮ ಮಕ್ಕಳನ್ನು ಮನೆಗೆ ಕರೆದುಕೊಂಡು ಹೋಗಿಬಿಡುತ್ತಾರೆ. ಇಡೀ ವರ್ಷ ಕ್ಲಾಸಿನಲ್ಲಿ ಅವಳೊಬ್ಬಳೇ, ಟೀಚರ್ ಒಬ್ಬರೇ. ಒಂದೂ ದೊಡ್ಡ ಪದವಿಲ್ಲ, ಬಿರುದಿಲ್ಲ. ಮಗಳು ಕೇಳಿದ್ದು ಒಂದೇ, "ರೀಸಸ್ಸಿನ್ಯಾಗ ಯಾರ ಜೋಡಿ ಆಡ್ತಿದ್ಲು?" ಟೀಚರ್ ಜೊತೆ ಅಂದೆ. ಅದು ಅವಳಿಗೆ ಸಾಕಾಗಲಿಲ್ಲ. ಸಾವಿತ್ರಿಬಾಯಿ ಫುಲೆ ಕಾರ್ಡೂ ಪರವಾಗಿಲ್ಲ, 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ, ದಾರಿಯಲ್ಲಿ ಕೆಸರು ಎರಚುತ್ತಾರೆ ಅಂತ ಚೀಲದಲ್ಲಿ ಇನ್ನೊಂದು ಸೀರೆ. ಆ ಎರಡನೇ ಸೀರೆ ಮಕ್ಕಳಿಗೆ ಮರೆಯುವುದಿಲ್ಲ.

ನನ್ನ ದೊಡ್ಡ ದೂರು ಇನ್ನೊಂದಿದೆ. 24 ಕಾರ್ಡಿನಲ್ಲಿ ಕನ್ನಡ ನಾಡಿನಿಂದ ಬಸವಣ್ಣನವರೊಬ್ಬರೇ, ಅದೂ 12ನೇ ಶತಮಾನ. ನಡುವಿನ ಎಂಟುನೂರು ವರ್ಷ ಇಲ್ಲಿ ಏನೂ ಆಗಿಲ್ಲ ಅನ್ನುವ ಹಾಗೆ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊಫೆಸರ್ ಬಿ. ಕೃಷ್ಣಪ್ಪನವರ ಕಾರ್ಡು ಹಾಕಬಹುದಿತ್ತು. ಹೀಗಾಗಿ ಮಕ್ಕಳಿಗೆ ಇದೆಲ್ಲ ಅಮೆರಿಕದಲ್ಲಿ, ಮಹಾರಾಷ್ಟ್ರದಲ್ಲಿ, ಯಾವಾಗಲೋ ನಡೆದದ್ದು ಅನ್ನಿಸುತ್ತದೆ. ಮಗಳು ನೇರವಾಗಿ ಕೇಳಿದಳು, "ಈಗ ಹಂಗಿಲ್ಲಲ್ಲ?" ಜಾತ್ರೆಯ ದಾಸೋಹದಲ್ಲಿ ಎಲ್ಲರೂ ಸಾಲಾಗಿ ಕೂತು ರೊಟ್ಟಿ, ಮಿರ್ಚಿ ತಿಂದದ್ದು ಅವಳ ಕಣ್ಣಲ್ಲಿದೆ. ಹೌದು, ಹಾಗಿಲ್ಲ ಅಂದುಬಿಡೋಣ ಅನ್ನಿಸಿತು. ಹೇಳಲಿಲ್ಲ.

2021ರಲ್ಲಿ ನಮ್ಮದೇ ಜಿಲ್ಲೆಯ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಒಂದು ಪುಟ್ಟ ಮಗು ತನ್ನ ಹುಟ್ಟುಹಬ್ಬದ ದಿನ ಹನುಮಪ್ಪನ ಗುಡಿಯೊಳಗೆ ಓಡಿಬಿಟ್ಟಿತು. ದಲಿತರ ಮಗು ಅಂತ ಗುಡಿ ಶುದ್ಧ ಮಾಡಲು ಅಪ್ಪನಿಗೆ 25 ಸಾವಿರ ದಂಡ ಕೇಳಿದರು, ಆಮೇಲೆ ಪೊಲೀಸರು ಕೆಲವರನ್ನು ಹಿಡಿದರು. ಇಷ್ಟನ್ನು ಹೇಳಿದೆ. ಮಹಾಡಿನ ಕೆರೆಗೆ ಸಗಣಿ ಹಾಕಿದ್ದು ನೆನಪಾಗಿ ಮಗಳು ಈ ಸಲ ನಗಲಿಲ್ಲ. "ಸಣ್ಣ ಕೂಸಿಗೆ ಏನ್ ಗೊತ್ತಾಗ್ತದ" ಅಂದಳು. ಗಂಗಾವತಿ ತಾಲೂಕಿನ ಮರಕುಂಬಿಯ ವಿಷಯ ಅಣ್ಣನ ಮಗನಿಗಷ್ಟೇ ಹೇಳಿದೆ, ಅವಳು ಮಲಗಿದ ಮೇಲೆ. ಕ್ಷೌರದಂಗಡಿಗೆ, ಹೋಟೆಲಿಗೆ ಬಿಡದೇ ಇದ್ದದ್ದು, 2014ರಲ್ಲಿ ದಲಿತರ ಮನೆಗಳಿಗೆ ಬೆಂಕಿ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿದ್ದು, ಕೇಸು ಮುಂದೆ ಹೈಕೋರ್ಟಿಗೆ ಹೋದದ್ದು. ಮತ್ತೆ ಬೆರಳು ಮಡಚಿದ. ಇದೂ ಹತ್ತು ವರ್ಷ.

ಸರಿ, ಸಾಮಾನಿನ ಗುಣಮಟ್ಟಕ್ಕೆ ಬರೋಣ. ಕಾರ್ಡು ದಪ್ಪ ಇದೆ, ಚಿತ್ರ ಚೆನ್ನಾಗಿವೆ, ಅಕ್ಷರ ದೊಡ್ಡದು. ಲ್ಯಾಮಿನೇಷನ್ ಎರಡನೇ ತಿಂಗಳಿಗೇ ಮೂಲೆಯಲ್ಲಿ ಕಿತ್ತು ಬಂತು, ಮಗಳು ಅದನ್ನು ಪೂರ್ತಿ ಎಳೆದು ಮುಗಿಸಿದಳು. ಕತೆ ಕೇಳಲು ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದರೆ ಖಾಲಿ ಪುಟ. ಸ್ಟಿಕ್ಕರುಗಳು ಫ್ರಿಜ್ಜಿನ ಮೇಲಿವೆ, ಮಂಡೇಲಾ ಪಕ್ಕದಲ್ಲಿ ಯಾಕೋ ಒಂದು ಡೈನೋಸಾರ್ ಇದೆ, ಅದು ಈ ಡಬ್ಬಿಯದಲ್ಲ.

ಐದಕ್ಕೆ ಮೂರು ಕೊಡುತ್ತೇನೆ. ರೂಬಿ ಕಾರ್ಡಿಗೆ ಅರ್ಧ ಜಾಸ್ತಿ. ಮಕ್ಕಳ ಕೈಗೆ ಕೊಟ್ಟು ನೀವು ಮೊಬೈಲ್ ನೋಡುತ್ತಾ ಕೂರುವ ಹಾಗಿದ್ದರೆ ದುಡ್ಡು ದಂಡ, ಹುಟ್ಟಿದ ದಿನಾಂಕ ಬಾಯಿಪಾಠ ಆಗುತ್ತದೆ ಅಷ್ಟೇ. ಪಕ್ಕದಲ್ಲಿ ಕೂತು ಓದುವುದಾದರೆ ತಗೊಳ್ಳಿ, 480 ಕೊಡಬೇಡಿ. ನಮ್ಮದರಲ್ಲಿ ಈಗ 23 ಕಾರ್ಡೇ ಇವೆ. ರೋಸಾ ಕಾರ್ಡಿನ ಹಿಂದೆ "ಅಜ್ಜಿ" ಅನ್ನುವುದನ್ನು ಪೆನ್ನಿನಲ್ಲಿ ಹೊಡೆದು ಹಾಕಿ ಅಣ್ಣನ ಮಗ ಗಂಗಾವತಿಗೆ ಒಯ್ದಿದ್ದಾನೆ, ಕೇಳಿದರೆ ಕೊಡುವುದಿಲ್ಲ ಅಂತಾನೆ.