ಫ್ರೀ ಪಿಎಸ್‌ಎ ಟೆಸ್ಟು: ರಾಯಚೂರಿನಲ್ಲಿ ನಾನು ಕಂಡ ಎರಡು ಲ್ಯಾಬು

ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದೆ. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ ರಕ್ತ ಪರೀಕ್ಷೆ ಮಾಡಿಸಿದಾಗ ಪಿಎಸ್‌ಎ 6.1 ಬಂತು, ಡಾಕ್ಟರು ಫ್ರೀ ಪಿಎಸ್‌ಎ ಬರೆದುಕೊಟ್ಟರು. ನನಗೆ 66. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು, ಹಾಗಾಗಿ ಅರ್ಥವಾಗುವವರೆಗೂ ಅವರನ್ನು ಬಿಡಲಿಲ್ಲ.

ಪಿಎಸ್‌ಎ ಅಂದರೆ ಆ ಗ್ರಂಥಿ ತಯಾರಿಸುವ, ಪ್ರೋಟೀನು ಕತ್ತರಿಸುವ ಕಿಣ್ವ, ಪ್ರೋಟಿಯೇಸ್. ಗಟ್ಟಿಯಾದ ವೀರ್ಯವನ್ನು ತೆಳ್ಳಗೆ ಮಾಡುವುದು ಅದರ ಕೆಲಸ. ರಕ್ತಕ್ಕೆ ಸೋರಿದರೆ ಆಲ್ಫಾ-1 ಆಂಟಿಕೈಮೋಟ್ರಿಪ್ಸಿನ್ ಎಂಬ ಪ್ರತಿಬಂಧಕ ಹೋರಿಗೆ ಮೂಗುದಾರ ಹಾಕಿದಂತೆ ಅದನ್ನು ಹಿಡಿಯುತ್ತದೆ. ಹಿಡಿತಕ್ಕೆ ಸಿಗದೆ ಉಳಿದದ್ದು ಫ್ರೀ. ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರಲ್ಲಿ ಸಾಮಾನ್ಯವಾಗಿ ಹಿಡಿದ ಪಾಲು ಹೆಚ್ಚು, ಫ್ರೀ ಕಡಿಮೆ. ಒಟ್ಟು ಪಿಎಸ್‌ಎ 4ರಿಂದ 10ರ ನಡುವೆ ಇದ್ದಾಗ ಈ ಲೆಕ್ಕ ನೋಡುತ್ತಾರೆ: ಫ್ರೀ ಶೇ 25ಕ್ಕಿಂತ ಮೇಲಿದ್ದರೆ ಕ್ಯಾನ್ಸರಿನ ಸಾಧ್ಯತೆ ಕಡಿಮೆ, 10ಕ್ಕಿಂತ ಕೆಳಗಿದ್ದರೆ ಹೆಚ್ಚು. ಖಚಿತವಾಗುವುದು ಬಯಾಪ್ಸಿಯಿಂದಲೇ, ಅಂದರೆ ಗ್ರಂಥಿಯ ಚೂರು ತೆಗೆದು ಪರೀಕ್ಷಿಸಿದಾಗಲೇ.

ಮೊದಲ ಲ್ಯಾಬಿನ ಹುಡುಗ ಬೆಳಿಗ್ಗೆ ಏಳಕ್ಕೆ ಮನೆಗೆ ಬಂದು ರಕ್ತ ತೆಗೆದ. ಇನ್ನೂ ಆರು ಮನೆ ಇದೆ ಅಂತ ಟ್ಯೂಬನ್ನು ಬ್ಯಾಗಿಗೆ ಹಾಕಿಕೊಂಡು ಬೈಕ್ ಹತ್ತಿದ. ನಮ್ಮೂರಿನ ಮೇ ತಿಂಗಳ ಬಿಸಿಲು ಗೊತ್ತಲ್ಲ. ಫ್ರೀ ಶೇ 13 ಬಂತು. ಎರಡು ದಿನ ಊಟ ಸೇರಲಿಲ್ಲ. ರಿಪೋರ್ಟು ನೋಡಿದ ಡಾಕ್ಟರು, ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಎಷ್ಟೊತ್ತಿಗೆ ಬೇರೆ ಮಾಡಿದರು ಅಂತ ಕೇಳಿದರು. ಅದರಲ್ಲಿ ಬರೆದಿರಲಿಲ್ಲ, ಫೋನ್ ಮಾಡಿದರೂ ಹೇಳಲಿಲ್ಲ. ರಕ್ತ ಟ್ಯೂಬಿನಲ್ಲಿ ಹಾಗೇ ಉಳಿದರೆ ಫ್ರೀ ಪಿಎಸ್‌ಎ ಬೇಗ ಇಳಿಯುತ್ತದೆ, ಹಿಡಿತಕ್ಕೆ ಸಿಕ್ಕದ್ದು ಅಷ್ಟು ಬೇಗ ಇಳಿಯುವುದಿಲ್ಲ. ಶೇಕಡಾವಾರು ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಮೂರು ತಾಸಿನೊಳಗೆ ಬೇರೆ ಮಾಡಬೇಕು ಅಂದರು.

ಎರಡನೆಯದು ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದ ಸಣ್ಣ ಲ್ಯಾಬು. ಹಿಂದಿನ ದಿನವೇ ಟೆಕ್ನಿಷಿಯನ್ ಹುಡುಗಿ ಫೋನ್ ಮಾಡಿ ಉರಿಮೂತ್ರ ಇದೆಯೇ, ಸೈಕಲ್ ಹೊಡೆದಿದ್ದೀರಾ, ಪ್ರಾಸ್ಟೇಟಿಗೆ ಯಾವ ಗುಳಿಗೆ ಅಂತ ಕೇಳಿದಳು. ಫಿನಾಸ್ಟರೈಡ್ ತಗೊಂಡರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅದಕ್ಕೇ ಆ ಪ್ರಶ್ನೆ.

“ಇದನ್ನ ಎಷ್ಟೊತ್ತಿಗೆ ತಿರುಗಿಸ್ತೀರವ್ವಾ?” ಅಂದೆ.

“ಹೆಪ್ಪುಗಟ್ಟಾಕ ಅರ್ಧ ತಾಸು ಬೇಕ್ರೀ ಸರ್. ಕುಂದರ್ರಿ, ನಿಮ್ಮ ಮುಂದೇ ಹಾಕ್ತೀನಿ.”

8:10ಕ್ಕೆ ರಕ್ತ, 8:45ಕ್ಕೆ ಸೆಂಟ್ರಿಫ್ಯೂಜ್, ಅಂದರೆ ಟ್ಯೂಬನ್ನು ಗರಗರ ತಿರುಗಿಸಿ ಸೀರಮ್ ಬೇರೆ ಮಾಡುವ ಯಂತ್ರ. ಎರಡೂ ಸಮಯ ಚೀಟಿಯ ಮೇಲೆ ಬರೆದಳು. ಈ ಒಂದು ಕೆಲಸಕ್ಕಾಗಿಯೇ ಈ ಲ್ಯಾಬನ್ನು ಎಲ್ಲರಿಗೂ ಹೇಳುತ್ತೇನೆ. ಕೊರತೆ ಅಂದರೆ ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋಗಬೇಕು, ಶೌಚಾಲಯಕ್ಕೆ ಬೀಗ. ಪ್ರಾಸ್ಟೇಟಿನ ತೊಂದರೆ ಇದ್ದವರು ಬರುವ ಜಾಗದಲ್ಲಿ ಇದು ಸಣ್ಣ ಮಾತಲ್ಲ. ದಯವಿಟ್ಟು ಬೀಗ ತೆಗೆದಿಡಿ.

ಒಟ್ಟು 6.2, ಫ್ರೀ ಶೇ 18. ಎರಡು ಲ್ಯಾಬಿನ ಕಿಟ್ ಬೇರೆ ಇದ್ದರೂ ಅಂಕಿ ಬದಲಾಗುತ್ತದೆ, ಇನ್ನು ಮೇಲೆ ಒಂದೇ ಕಡೆ ಮಾಡಿಸಿ ಅಂದರು ಡಾಕ್ಟರು. ಬಯಾಪ್ಸಿಗೆ ಮೊದಲು ಎಂಆರ್‌ಐ ಬರೆದಿದ್ದಾರೆ, ಬರುವ ಸೋಮವಾರ.