ನೀರು ಹೋಗಿದೆಯೇ ಎಂದು ನೋಡುವ ಹಳದಿ ಪಟ್ಟಿ: ಎಷ್ಟು ನಂಬಬಹುದು?

ತಿಂಗಳು ತುಂಬುವ ಮೊದಲೇ ಬಸುರಿಯ ಒಳಬಟ್ಟೆ ಒದ್ದೆಯಾದರೆ ಅದು ಬಿಳಿಸೆರಗೋ, ಮೂತ್ರವೋ, ಮಗುವಿನ ಸುತ್ತಲಿನ ನೀರೋ? ಇದನ್ನು ಮನೆಯಲ್ಲೇ ನೋಡಿಕೊಳ್ಳಲೆಂದು ಪಿಎಚ್ (ಹುಳಿ, ಕ್ಷಾರದ ಅಳತೆ) ತೋರಿಸುವ ಹಳದಿ ನೈಟ್ರಜೀನ್ ಪಟ್ಟಿಗಳು ಆನ್‌ಲೈನಿನಲ್ಲಿ ಸಿಗುತ್ತವೆ. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಪಟ್ಟಿ ನೀಲಿಯಾದರೆ ಆಸ್ಪತ್ರೆಗೆ ಹೊರಡಿ. ಹಳದಿಯಾಗಿಯೇ ಉಳಿದು ಒದ್ದೆ ನಿಲ್ಲದಿದ್ದರೆ, ಆಗಲೂ ಹೊರಡಿ. ತುಮಕೂರು ಜಿಲ್ಲೆಯಂಥ ಕಡೆ, ಅದರಲ್ಲೂ ಪಾವಗಡ, ಶಿರಾ, ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಇದನ್ನು ತರಿಸಿಕೊಳ್ಳುವವರು ಈ ಎರಡನೆಯ ಮಾತನ್ನು ಮರೆಯಬಾರದು.

ಪಟ್ಟಿ ಕೆಲಸ ಮಾಡುವ ಬಗೆ ಸರಳ. ಯೋನಿಯ ಸಹಜ ಪಿಎಚ್ 3.8ರಿಂದ 4.5, ಅಂದರೆ ಹುಳಿ ಗುಣ. ಗರ್ಭದ ನೀರಿನದು 7.1ರಿಂದ 7.3. ಪಿಎಚ್ 6.5 ದಾಟುತ್ತಿದ್ದಂತೆ ಹಳದಿ ಕಾಗದ ನೀಲಿಗೆ ತಿರುಗುತ್ತದೆ. ಬಳಸುವಾಗ ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಪಟ್ಟಿಯ ತುದಿಯನ್ನು ಹೊಸ ಪ್ಯಾಡಿನ ಒದ್ದೆಯಾದ ಜಾಗಕ್ಕೆ ಮುಟ್ಟಿಸಿ, ಕೆಲವೇ ಸೆಕೆಂಡುಗಳಲ್ಲಿ ಹಗಲು ಬೆಳಕಿನಲ್ಲಿ ಬಣ್ಣ ನೋಡಬೇಕು. ಒಣಗಿದ ಮೇಲೆ ನೋಡಿದರೆ ಲೆಕ್ಕಕ್ಕಿಲ್ಲ. ಪಟ್ಟಿಯನ್ನಾಗಲಿ ಬೆರಳನ್ನಾಗಲಿ ಒಳಗೆ ಹಾಕಲೇಬಾರದು. ಮಗು ಮತ್ತು ನೀರನ್ನು ಸುತ್ತಿರುವ ಪೊರೆ ಒಡೆದಿದ್ದರೆ ಸೋಂಕಿಗೆ ನಾವೇ ದಾರಿ ಮಾಡಿಕೊಟ್ಟಂತೆ.

ಸುಳ್ಳು ನೀಲಿ ಬರುವುದಕ್ಕೆ ಕಾರಣ ಹಲವು: ರಕ್ತ, ವೀರ್ಯ, ಯೋನಿಯ ಸೋಂಕು, ಕ್ಷಾರ ಹೆಚ್ಚಿದ ಮೂತ್ರ, ಸೋಪು. ನಮ್ಮ ಕಡೆ ಇನ್ನೂ ಒಂದಿದೆ, ಬೋರ್‌ವೆಲ್ ನೀರು. ಒಂದು ಪಟ್ಟಿಯ ಮೇಲೆ ಬೋರಿನ ನೀರು ಒಂದು ಹನಿ ಬಿಟ್ಟು ನೋಡಿ. ಹನಿಯ ಅಂಚಿನಲ್ಲಿ ಮೊದಲು ಪಾಚಿ ಬಣ್ಣ ಕಾಣಿಸಿ, ನೋಡನೋಡುತ್ತಲೇ ನಡುವೆಯೆಲ್ಲ ನೀಲಿಯಾಗುತ್ತದೆ. ಗಡಸು ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೇ ಇರುತ್ತದೆ. ಹಾಗಾಗಿ ತೊಳೆದುಕೊಂಡ ತಕ್ಷಣ ಹಸಿ ಮೈಗೆ ಪ್ಯಾಡ್ ಇಟ್ಟು ಪರೀಕ್ಷಿಸಿದರೆ ಪಟ್ಟಿ ಹೇಳುವುದು ಬೋರ್‌ವೆಲ್ಲಿನ ವಿಷಯವನ್ನು. ಸೋಪಿನಪುಡಿಯಲ್ಲಿ ಒಗೆದು ಸರಿಯಾಗಿ ಜಾಲಿಸದ ಹಳೆಯ ಸೀರೆ ತುಂಡಿನದೂ ಇದೇ ಪಾಡು. ಇನ್ನೊಂದು ಪಟ್ಟಿಗೆ ನಿಂಬೆರಸ ಮುಟ್ಟಿಸಿದರೆ ಹಳದಿ ಹಳದಿಯಾಗಿಯೇ ಇರಬೇಕು. ಡಬ್ಬಿ ತೆರೆದ ದಿನವೇ ಹೀಗೆ ಎರಡು ಪಟ್ಟಿ ವ್ಯಯಿಸಿ ನೋಡುವುದು ಒಳ್ಳೆಯದು. ತೇವ ಹಿಡಿದ ಪಟ್ಟಿಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಸುಳ್ಳು ನೀಲಿಯಿಂದ ಆಗುವ ನಷ್ಟ ಒಂದು ಸಲದ ಓಡಾಟ, ಅಷ್ಟೇ. ಸುಳ್ಳು ಹಳದಿ ಹಾಗಲ್ಲ. ನೀರು ಸೋರಿ ಬಹಳ ಹೊತ್ತಾಗಿ ಒಳಗೆ ಸ್ವಲ್ಪವೇ ಉಳಿದಿದ್ದರೆ, ತೊಟ್ಟು ತೊಟ್ಟಾಗಿ ಬಿಟ್ಟು ಬಿಟ್ಟು ಸೋರುತ್ತಿದ್ದರೆ, ಹುಳಿ ಗುಣದ ಮೂತ್ರ ಬೆರೆತಿದ್ದರೆ ಪಟ್ಟಿ ಬಣ್ಣ ಬದಲಿಸದೇ ಇರಬಹುದು. ಆಸ್ಪತ್ರೆಗಳಲ್ಲಿ ಬಳಸುವ, ಗರ್ಭದ ನೀರಿನಲ್ಲಿರುವ ಪ್ರೋಟೀನನ್ನು ಹುಡುಕುವ ದುಬಾರಿ ಕಿಟ್‌ಗಳು ಇದಕ್ಕಿಂತ ಎಷ್ಟೋ ವಾಸಿ. ಆದರೂ ಅಂಥ ಪರೀಕ್ಷೆಗಳ ಫಲಿತಾಂಶವೊಂದನ್ನೇ ನೆಚ್ಚಿ ತೀರ್ಮಾನಿಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ವೈದ್ಯರಿಗೇ ಎಚ್ಚರಿಕೆ ಕೊಟ್ಟಿತ್ತು.

ಹೊಸ ಬಿಳಿ ಪ್ಯಾಡ್ ಒಂದರಿಂದಲೇ ಪಟ್ಟಿಗಿಂತ ಹೆಚ್ಚು ತಿಳಿಯುತ್ತದೆ ಎಂಬುದು ನಮ್ಮ ಅಭಿಪ್ರಾಯ. ಮೂತ್ರಕ್ಕೆ ಹೋಗಿ ಬಂದು, ಒರೆಸಿಕೊಂಡು, ಪ್ಯಾಡ್ ಇಟ್ಟುಕೊಂಡು ಎಡಮಗ್ಗುಲಾಗಿ ಅರ್ಧ ಗಂಟೆ ಮಲಗಿ. ಎದ್ದು ನಿಂತಾಗ ಬೆಚ್ಚಗೆ ಬುಳಕ್ಕನೆ ಇಳಿದರೆ, ಕೆಮ್ಮಿದಾಗ ಮತ್ತೆ ಇಳಿದರೆ, ತಡೆದುಕೊಳ್ಳಲು ನೋಡಿದರೂ ನಿಲ್ಲದಿದ್ದರೆ ನೀರು ಹೋಗಿದೆ ಎಂದೇ ತಿಳಿಯಬೇಕು. ಬಿಳಿಸೆರಗು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಗರ್ಭದ ನೀರು ತೆಳ್ಳಗಿದ್ದು ಪ್ಯಾಡಿನಲ್ಲಿ ಹರಡಿಕೊಳ್ಳುತ್ತದೆ, ಮೂತ್ರದ ವಾಸನೆ ಇರುವುದಿಲ್ಲ. ಧಾರೆಯಾಗಿ ಹೋದರೆ, ಹಸಿರು ಬಣ್ಣವಿದ್ದರೆ, ರಕ್ತ, ಕೆಟ್ಟ ವಾಸನೆ, ಜ್ವರ ಇದ್ದರೆ, ಮಗುವಿನ ಅಲುಗಾಟ ಕಡಿಮೆಯಾಗಿದ್ದರೆ ಈ ಅರ್ಧ ಗಂಟೆಯೂ ಬೇಡ, 108ಕ್ಕೆ ಕರೆ ಮಾಡಿ. ದಾರಿಯಲ್ಲಿ ಹುರಿಯಂಥದ್ದು ಇಳಿದು ಬಂದಂತೆ ಅನಿಸಿದರೆ ಅದು ಕರುಳಬಳ್ಳಿ ಇರಬಹುದು. ಒಳಗೆ ತಳ್ಳಬೇಡಿ. ಮೊಣಕಾಲೂರಿ, ಎದೆ ನೆಲಕ್ಕೆ ತಾಗುವಂತೆ ಬಗ್ಗಿ, ಸೊಂಟ ಮೇಲಿರಲಿ. ಮಗುವಿನ ತಲೆ ಬಳ್ಳಿಯನ್ನು ಒತ್ತುವುದು ಇದರಿಂದ ಕಡಿಮೆಯಾಗುತ್ತದೆ.

ಇಷ್ಟು ಅವಸರ ಏಕೆಂದರೆ, 37 ವಾರಕ್ಕೆ ಮೊದಲು ಪೊರೆ ಒಡೆದರೆ ಹೆರಿಗೆ ಹೆಚ್ಚಾಗಿ ಒಂದು ವಾರದೊಳಗೇ ಆಗಿಬಿಡುತ್ತದೆ, ಮತ್ತು ಆ ನಡುವೆ ಮಾಡಬೇಕಾದ ಕೆಲಸಗಳಿಗೆ ಗಂಟೆಗಳು ಬೇಕು. 24ರಿಂದ 34 ವಾರದ ನಡುವೆ ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ 6 ಮಿಲಿಗ್ರಾಂ, 12 ಗಂಟೆಗೊಂದರಂತೆ ನಾಲ್ಕು ಇಂಜೆಕ್ಷನ್ ಕೊಡುತ್ತಾರೆ. ಮೊದಲನೆಯದರಿಂದ ಕೊನೆಯದಕ್ಕೆ 36 ಗಂಟೆ. ಜೊತೆಗೆ ಸೋಂಕು ತಡೆಯಲು ಆ್ಯಂಟಿಬಯಾಟಿಕ್. 32 ವಾರದೊಳಗೆ ಹೆರಿಗೆ ಆಗುವಂತಿದ್ದರೆ ಮಗುವಿನ ಮಿದುಳಿನ ರಕ್ಷಣೆಗೆ ಮೆಗ್ನೀಸಿಯಂ ಸಲ್ಫೇಟ್. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಹಳದಿ ಪಟ್ಟಿ ನೋಡಿ ‘ಬೆಳಗ್ಗೆ ಹೋದರಾಯಿತು’ ಎಂದು ಒಂದು ರಾತ್ರಿ ಕಳೆದರೆ ಒಂದು ಡೋಸಿನ ಹೊತ್ತು ಹೋದಂತೆ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮೊದಲು ಹೋದರೆ ಮುಂದೆ ಕಳಿಸುವ ಮೊದಲೇ ಅಲ್ಲಿ ಮೊದಲ ಇಂಜೆಕ್ಷನ್ ಕೊಡಬಹುದು. ‘ಮೇಡಂ, ಸ್ಟೆರಾಯ್ಡ್ ಇಂಜೆಕ್ಷನ್ ಇಲ್ಲೇ ಕೊಟ್ಟು ಕಳಿಸ್ತೀರಾ?’ ಎಂದು ಧೈರ್ಯವಾಗಿ ಕೇಳಿ. ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ವಾಹನ ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ.

ಆಸ್ಪತ್ರೆಯಲ್ಲಿ ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಒಳಗೆ ನೋಡುವ ಸಾಧನ) ಹಾಕಿ, ಕೆಮ್ಮಿಸಿ, ನೀರು ಮಡುಗಟ್ಟಿದೆಯೇ ಎಂದು ಕಣ್ಣಾರೆ ನೋಡುತ್ತಾರೆ. ಸ್ಕ್ಯಾನಿಂಗಿನಲ್ಲಿ ಉಳಿದ ನೀರನ್ನು ಅಳೆಯುತ್ತಾರೆ. ನೋವು ಶುರುವಾಗದಿದ್ದಾಗ ಕೈಬೆರಳಿನ ಪರೀಕ್ಷೆ ಪದೇ ಪದೇ ಆಗದಿರುವುದೇ ಕ್ಷೇಮ. ಆದ್ದರಿಂದ ಬಾಗಿಲಲ್ಲೇ ‘ಸಿಸ್ಟರ್, ಇಷ್ಟು ಗಂಟೆಗೆ ನೀರು ಹೋಯ್ತು, ನೋವು ಇನ್ನೂ ಇಲ್ಲ’ ಎಂದು ಹೇಳಿಬಿಡಿ. ಮನೆಯಲ್ಲಿ ಒದ್ದೆಯಾದ ಪ್ಯಾಡನ್ನು ಎಸೆಯದೆ ಕವರಿನಲ್ಲಿ ಹಾಕಿ ತನ್ನಿ. ಬಣ್ಣ, ವಾಸನೆ ನೋಡಲು ಅವರಿಗೆ ಉಪಯೋಗ.

ಹಾಗಾದರೆ ಕೊಳ್ಳಬೇಕೇ? ಹಿಂದಿನ ಹೆರಿಗೆಯಲ್ಲಿ ಬೇಗ ನೀರು ಹೋದವರು, ಅವಳಿ ಇರುವವರು ಇಟ್ಟುಕೊಂಡರೆ ತಪ್ಪಿಲ್ಲ. ಕಡ್ಡಿಪುಡಿ ಹಾಕುವವರಿಗೂ ದಿನ ತುಂಬದ ಹೆರಿಗೆಯ ಅಪಾಯ ಹೆಚ್ಚು, ಆದರೆ ಅವರು ಪಟ್ಟಿ ಕೊಳ್ಳುವ ಮೊದಲು ಅದನ್ನು ಬಿಡಬೇಕು. ಒಂದೊಂದೇ ಮುಚ್ಚಿದ ಪೊಟ್ಟಣದಲ್ಲಿ ಬರುವುದನ್ನೇ ಆರಿಸಿ, ಎಕ್ಸ್‌ಪೈರಿ ನೋಡಿ. ಬಚ್ಚಲುಮನೆಯಲ್ಲಿ ಇಡಬೇಡಿ. ತವರಿಗೆ ಹೋಗುವಾಗ ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ನಾಲ್ಕು ಹೊಸ ಪ್ಯಾಡು ಇರುವ ಚೀಲದಲ್ಲೇ ಅದೂ ಇರಲಿ.