ಬಂಡೆಯೋ, ಮರಳೋ, ಕಾಂಡ್ಲವೋ? ಮಕ್ಕಳ ಕಡಲ ಪಾಠಕ್ಕೆ ಮೂರು ಜಾಗಗಳ ಹೋಲಿಕೆ

ಶಾಲೆಯ ಕೈಯಲ್ಲಿರುವುದು ಸಾಮಾನ್ಯವಾಗಿ ಅರ್ಧ ದಿನ, ಒಂದು ಬಸ್ಸು, ಮೂವತ್ತು–ನಲವತ್ತು ಮಕ್ಕಳು. ನಮ್ಮ ಕರಾವಳಿಯಲ್ಲಿ ಅಷ್ಟಕ್ಕೆ ಹೊಂದುವ ಜಾಗಗಳು ಮೂರು: ಇಳಿತಕ್ಕೆ ತೆರೆದುಕೊಳ್ಳುವ ಬಂಡೆ, ಮರಳ ದಂಡೆ, ಅಳಿವೆಯ ಕಾಂಡ್ಲಾವನ (ಮ್ಯಾಂಗ್ರೋವ್ ಕಾಡು). ಹಗ್ಗ, ಎಣಿಸುವ ಜಾಗದ ಮೇಲಿಡುವ ಚೌಕಟ್ಟು, ದಾಖಲೆ ಹಾಳೆ ಹಿಡಿದು ಮೂರೂ ಕಡೆ ಮಾಡಿ ನೋಡಿದ ಮೇಲಿನ ಅಭಿಪ್ರಾಯ ಇದು. ಒಂದೇ ಸಲ ಹೋಗುವುದಾದರೆ ಬಂಡೆಗೆ ಹೋಗಿ. ವರ್ಷಕ್ಕೆ ಎರಡು ಸಲ ಹೋಗುವುದು ಸಾಧ್ಯವಿದ್ದರೆ ಕಾಂಡ್ಲ ಒಳ್ಳೆಯದು. ಮರಳ ದಂಡೆ ಎಲ್ಲಕ್ಕಿಂತ ಸುಲಭ ಎಂದು ಕಾಣುತ್ತದೆ, ಆದರೆ ತಪ್ಪು ಲೆಕ್ಕ ಹೆಚ್ಚಾಗಿ ಬರುವುದು ಅಲ್ಲಿಂದಲೇ.

ಬಂಡೆಯ ದೊಡ್ಡ ಗುಣವೆಂದರೆ, ಹದಿನೈದು–ಇಪ್ಪತ್ತು ಮೀಟರಿನೊಳಗೇ ಜೀವಿಗಳು ಪಟ್ಟಿಪಟ್ಟಿಯಾಗಿ ಬದಲಾಗುವುದು ಬರಿಗಣ್ಣಿಗೆ ಕಾಣುತ್ತದೆ. ಮೇಲ್ತುದಿಯಲ್ಲಿ ಕಡಲೆಕಾಳಿಗಿಂತ ಚಿಕ್ಕ ಬಸವನಹುಳುಗಳು, ಅದರ ಕೆಳಗೆ ಗಟ್ಟಿ ಕವಚದ ಪುಟ್ಟ ಜೀವಿ ಬಾರ್ನಕಲ್ ಮತ್ತು ಕಲ್ಲಿಗೆ ಕಚ್ಚಿದ ಸಿಂಪಿ, ಇನ್ನೂ ಕೆಳಗೆ ನೀಲಿಕಲ್ಲು ಎಂಬ ಚಿಪ್ಪುಜೀವಿ, ಕಡಲ ಪಾಚಿ. ಮೇಲಿನ ಗಡಿಯನ್ನು ಹೆಚ್ಚಾಗಿ ಬಿಸಿಲು ಮತ್ತು ಒಣಗಾಳಿ ಎಳೆಯುತ್ತವೆ. ಕೆಳಗಿನ ಗಡಿಯನ್ನು ಎಳೆಯುವುದು ತಿನ್ನುವ ಪ್ರಾಣಿಗಳು ಮತ್ತು ಜಾಗಕ್ಕಾಗಿ ನಡೆಯುವ ಪೈಪೋಟಿ. ಸೋಮೇಶ್ವರ, ಕಾಪು, ಗೋಕರ್ಣದ ಓಂ ಬೀಚ್, ಎಲ್ಲಿ ಬಂಡೆ ಇದೆಯೋ ಅಲ್ಲಿ ಈ ಪಾಠ ಸಿಗುತ್ತದೆ.

ದಿನ ಗೊತ್ತುಮಾಡುವಾಗ ಶಾಲೆಯ ಕ್ಯಾಲೆಂಡರಿಗಿಂತ ಮೊದಲು ಪಂಚಾಂಗ ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ಮರುದಿನ, ಮೂರನೆಯ ದಿನ ನೀರು ಚೆನ್ನಾಗಿ ಇಳಿಯುತ್ತದೆ. ಅಷ್ಟಮಿ, ನವಮಿಯ ಸುಮಾರಿಗೆ ಹೋದರೆ ನೀಲಿಕಲ್ಲಿನ ಪಟ್ಟಿ ನೀರಿನಡಿಯೇ ಉಳಿದೀತು. ದಿನಕ್ಕೆ ಎರಡು ಇಳಿತವಾದರೂ ಎರಡೂ ಸಮನಲ್ಲ, ಆದ್ದರಿಂದ ಕಡಲಿನ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್‌ನ ಉಬ್ಬರವಿಳಿತದ ಕೋಷ್ಟಕದಲ್ಲಿ ಹಗಲಿನ ಇಳಿತ ಎಷ್ಟು ಎಂದು ನೋಡಿಕೊಳ್ಳಿ. ಅರ್ಧ ಮೀಟರಿಗಿಂತ ಕಡಿಮೆ ಇದ್ದರೆ ಸಾಕು. ಮಳೆ ಬಂತೆಂದು ಪ್ರವಾಸವನ್ನು ಒಂದು ವಾರ ಮುಂದೂಡಿದರೆ ಇಳಿತವೇ ಕೈತಪ್ಪುತ್ತದೆ, ಮುಂದೂಡುವುದಾದರೆ ಹದಿನೈದು ದಿನ ಮುಂದೂಡಿ. ಇಳಿತಕ್ಕೆ ಒಂದೂವರೆ ಗಂಟೆ ಮುಂಚೆ ಬಂಡೆಗೆ ಇಳಿದು, ನೀರು ತಿರುಗಿದ ಅರ್ಧ ಗಂಟೆಯೊಳಗೆ ಎಲ್ಲರೂ ಮೇಲೆ ಬಂದಿರಬೇಕು. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಅವರಲ್ಲಿ ಒಬ್ಬರು ಕಡಲಿಗೆ ಬೆನ್ನು ಹಾಕದೆ ನಿಂತಿರಬೇಕು. ಚಪ್ಪಲಿ ಪಾಚಿಯ ಮೇಲೆ ಜಾರುತ್ತದೆ, ಬರಿಗಾಲನ್ನು ಸಿಂಪಿ ಕೊಯ್ಯುತ್ತದೆ. ಲೇಸ್ ಕಟ್ಟುವ ಹಳೆಯ ಕ್ಯಾನ್ವಾಸ್ ಶೂ ಸಾಕು.

ಚೌಕಟ್ಟಿನಲ್ಲೂ ಮೂರು ಬಗೆ ನೋಡಿದ್ದೇವೆ. ದಾರದ ಚೌಕಟ್ಟು ಜೇಬಿನಲ್ಲಿ ಹಿಡಿಯುತ್ತದೆ, ಆದರೆ ಏರುತಗ್ಗಿನ ಬಂಡೆಯ ಮೇಲೆ ಅದರ ಮೂಲೆಗಳು ಸರಿದು ಚೌಕ ವಜ್ರಾಕಾರವಾಗುತ್ತದೆ. ಅಳತೆ ತಪ್ಪಿದ್ದು ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಫೋನಿನಲ್ಲಿ ಚಿತ್ರ ತೆಗೆದು ಶಾಲೆಯಲ್ಲಿ ಎಣಿಸುವುದು ವೇಗದ ದಾರಿ, ಆದರೆ ಒದ್ದೆ ಕಲ್ಲಿನ ಮಿನುಗು ಅರ್ಧ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ, ಸಂದಿನಲ್ಲಿ ಅಡಗಿದ ಹುಳುಗಳು ಲೆಕ್ಕಕ್ಕೆ ಸಿಗುವುದಿಲ್ಲ. ಕೊಡೆ ಹಿಡಿದು ನೆರಳು ಮಾಡಿ, ಫೋನನ್ನು ಬಂಡೆಗೆ ಸಮಾನಾಂತರವಾಗಿ ಹಿಡಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ನಮ್ಮ ಆಯ್ಕೆ ಅರ್ಧ ಇಂಚಿನ ಪಿವಿಸಿ ಪೈಪು ಮತ್ತು ನಾಲ್ಕು ಎಲ್ಬೋಗಳ ಚೌಕಟ್ಟು. 50 ಸೆಂ.ಮೀ. ಬೇಕಾದದ್ದು ಒಳ ಅಳತೆ. ಎಲ್ಬೋ ಸೇರಿದಾಗ ಉದ್ದ ಹೆಚ್ಚುತ್ತದೆ, ಆದ್ದರಿಂದ ಮೊದಲು ಒಣ ಜೋಡಣೆ ಮಾಡಿ ಅಳೆದು ಆಮೇಲೆ ಕತ್ತರಿಸಿ. ಪ್ರತಿ ಪೈಪಿಗೆ ಎರಡು ತೂತು ಕೊರೆಯಿರಿ, ಇಲ್ಲದಿದ್ದರೆ ಒಳಗೆ ಗಾಳಿ ಉಳಿದು ಹೊಂಡದ ನೀರಿನಲ್ಲಿ ತೇಲುತ್ತದೆ. ಎರಡೂ ದಿಕ್ಕಿಗೆ ಐದೈದು ದಾರ ಕಟ್ಟಿದರೆ 25 ಗಂಟುಗಳಾಗುತ್ತವೆ. ಗಂಟಿನ ಕೆಳಗೆ ಏನಿದೆಯೋ ಅದನ್ನು ಬರೆದುಕೊಂಡರೆ ಒಂದೊಂದು ಗಂಟಿಗೆ ಚೌಕದ ಜಾಗದ 4 ಶೇಕಡ ಲೆಕ್ಕ. ಬಿಡಿಬಿಡಿ ಪ್ರಾಣಿಗಳನ್ನು ಎಣಿಸುವಾಗ ಅಂಚಿನ ಮೇಲೆ ಕೂತದ್ದನ್ನು ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸಿ: ಮೇಲಿನ ಮತ್ತು ಎಡದ ಅಂಚಿನವು ಲೆಕ್ಕಕ್ಕೆ, ಉಳಿದೆರಡು ಅಂಚಿನವು ಹೊರಗೆ. ಈ ನಿಯಮ ಇಲ್ಲದ ತಂಡಗಳ ಲೆಕ್ಕ ಒಂದಕ್ಕೊಂದು ತಾಳೆಯಾಗುವುದಿಲ್ಲ. ಮೇಲಿನಿಂದ ನೀರಿನವರೆಗೆ ಹಾಸುವುದಕ್ಕೆ ಅಳತೆಯ ಟೇಪೇ ಒಳ್ಳೆಯದು. ನೈಲಾನ್ ಹಗ್ಗ ಎಳೆದರೆ ಉದ್ದವಾಗುತ್ತದೆ. ತಿರುವಿ ನೋಡಿದ ಕಲ್ಲನ್ನು ಇದ್ದ ಹಾಗೆಯೇ ಮಗುಚಿಡಬೇಕು, ಅಡಿಯಲ್ಲಿದ್ದ ಜೀವಿಗಳು ಬಿಸಿಲಿಗೆ ಬದುಕುವುದಿಲ್ಲ. ಶಂಕುವಿನಾಕಾರದ ಚಂದದ ಶಂಖವನ್ನು ಮುಟ್ಟಲೇಬಾರದು, ಅದರೊಳಗಿನ ಹುಳು ವಿಷದ ಮುಳ್ಳು ಚುಚ್ಚುತ್ತದೆ.

ಮರಳ ದಂಡೆಗೆ ಬಂದರೆ, ಮೂಟೆಗಟ್ಟಲೆ ಕಸ ಹೆಕ್ಕಿ ಫೋಟೊ ತೆಗೆಸಿಕೊಳ್ಳುವುದು ದಂಡೆಗೆ ಒಳ್ಳೆಯದೇ. ಆದರೆ ಅದರಿಂದ ಮಕ್ಕಳು ಕಲಿಯುವುದು ಕಡಿಮೆ. ಮೂಟೆಯ ತೂಕದಲ್ಲಿ ಅರ್ಧ ಒದ್ದೆ ಮರಳೇ ಇದ್ದೀತು. ತೂಗುವ ಬದಲು ಎಣಿಸಿ. ದಂಡೆಗುಂಟ 100 ಮೀಟರ್ ಅಳೆದು, 5 ಮೀಟರಿನ ಇಪ್ಪತ್ತು ಪಟ್ಟಿ ಮಾಡಿ, 1ರಿಂದ 20ರವರೆಗಿನ ಚೀಟಿಗಳಲ್ಲಿ ನಾಲ್ಕನ್ನು ಎತ್ತಿಸಿ. ಚೀಟಿ ಎತ್ತದಿದ್ದರೆ ಮಕ್ಕಳು ಕಸ ಹೆಚ್ಚಿರುವ ಪಟ್ಟಿಗೇ ಓಡುತ್ತಾರೆ. ಆಯ್ದ ಪಟ್ಟಿಯಲ್ಲಿ ನೀರಿನಂಚಿನಿಂದ ಬಳ್ಳಿ ಶುರುವಾಗುವವರೆಗೆ, 2.5 ಸೆಂ.ಮೀ.ಗಿಂತ ದೊಡ್ಡದನ್ನೆಲ್ಲ ಬಗೆಬಗೆಯಾಗಿ ಬರೆಯಿರಿ: ಮುಚ್ಚಳ, ಬಲೆಯ ತುಂಡು, ಪೊಟ್ಟಣ. ಒಂದು ಬಾಟಲಿ ಹತ್ತು ಚೂರಾಗಿದ್ದರೆ ಅದು ಹತ್ತು ಬಾಟಲಿ ಅಲ್ಲ, ಚೂರುಗಳಿಗೆ ಬೇರೆ ಕಾಲಂ ಇರಲಿ. ದಿನಾ ಬೆಳಿಗ್ಗೆ ಗುಡಿಸುವ ಪ್ರವಾಸಿ ದಂಡೆಯಲ್ಲಿ ಈ ಲೆಕ್ಕ ಮಾಡಬೇಡಿ. ಅಲ್ಲಿ ಗೊತ್ತಾಗುವುದು ಪೌರಕಾರ್ಮಿಕರು ಎಷ್ಟು ಕೆಲಸ ಮಾಡಿದ್ದಾರೆ ಎಂಬುದಷ್ಟೇ.

ಹೈಸ್ಕೂಲಿನವರಾದರೆ ಸೂಕ್ಷ್ಮ ಪ್ಲಾಸ್ಟಿಕ್ಕನ್ನೂ ಹುಡುಕಬಹುದು. ಚೌಕಟ್ಟಿನೊಳಗಿನ ಮೇಲಿನ 5 ಸೆಂ.ಮೀ. ಮರಳಿನಿಂದ ಸ್ವಲ್ಪ ತಂದು ಒಣಗಿಸಿ, ಜರಡಿ ಹಿಡಿದು, ಲೀಟರಿಗೆ 350 ಗ್ರಾಂ ಅಡುಗೆ ಉಪ್ಪು ಕರಗಿಸಿದ ನೀರಿಗೆ ಹಾಕಿ ಕದಡಿ ಬಿಡಿ. ಪಾಲಿಥೀನ್, ಥರ್ಮೋಕೋಲ್, ನೈಲಾನ್ ತೇಲುತ್ತವೆ. ನೀರಿನ ಬಾಟಲಿಯ ಪ್ಲಾಸ್ಟಿಕ್ಕು ಮತ್ತು ಪಿವಿಸಿ ಮುಳುಗುತ್ತವೆ, ಹಾಗಾಗಿ ಈ ಲೆಕ್ಕ ಯಾವಾಗಲೂ ಕಡಿಮೆಯೇ ಬರುತ್ತದೆ ಎಂಬುದನ್ನು ಹಾಳೆಯ ಮೇಲೇ ಬರೆಸಿ. ಉಪ್ಪುನೀರನ್ನು ಮೊದಲೇ ಸೋಸಿಕೊಳ್ಳಿ. ತೇಲಿದ್ದು ಪ್ಲಾಸ್ಟಿಕ್ಕೋ ಮರದ ಚೂರೋ ಎಂಬ ಅನುಮಾನ ಬಂದರೆ ಶಿಕ್ಷಕರು ಕಾಯಿಸಿದ ಸೂಜಿ ತಾಗಿಸಿ ನೋಡಲಿ. ಥರ್ಮೋಕೋಲ್, ಪಾಲಿಥೀನ್ ಆದರೆ ಕರಗುತ್ತದೆ. 2025ರ ಮೇ ತಿಂಗಳಲ್ಲಿ ಕೊಚ್ಚಿಯಾಚೆ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನಿಂದ ಕೇರಳದ ದಂಡೆಗಳಿಗೆ ಬಂದು ಬಿದ್ದ ಬಿಳಿ ಪ್ಲಾಸ್ಟಿಕ್ ಕಾಳುಗಳು ಹೇಗಿದ್ದವೆಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಕಾಂಡ್ಲಕ್ಕೆ ತಯಾರಿ ಹೆಚ್ಚು ಬೇಕು. ಕೆಸರಿನಲ್ಲಿ ಗಮ್‌ಬೂಟು ಸಿಕ್ಕಿಕೊಳ್ಳುತ್ತದೆ. ಕಾಲು ಹೂತರೆ ನೇರ ಎಳೆಯದೆ ಹಿಮ್ಮಡಿಯನ್ನು ಮೊದಲು ಬಿಡಿಸಿಕೊಳ್ಳಬೇಕು. 10 ಮೀಟರ್ ಚೌಕದ ಜಾಗ ಗುರುತಿಸಿ ಮರಗಳ ಸುತ್ತಳತೆ ತೆಗೆಯುವಾಗ ಗಮನ ಬೇಕಾದದ್ದು ಊರುಗೋಲಿನಂಥ ಬೇರು ಬಿಡುವ ರೈಜೋಫೊರ ಎಂಬ ಕಾಂಡ್ಲ ಮರದ ವಿಷಯದಲ್ಲಿ: ಉಳಿದ ಮರಗಳಿಗೆ ನೆಲದಿಂದ 1.3 ಮೀಟರಿನಲ್ಲಿ ಟೇಪು ಸುತ್ತಿದರೆ, ಇದಕ್ಕೆ ಎಲ್ಲಕ್ಕಿಂತ ಮೇಲಿನ ಊರುಗೋಲು ಬೇರಿನಿಂದ 30 ಸೆಂ.ಮೀ. ಮೇಲೆ. ಹಾಲು ಸುರಿಸುವ ಎಕ್ಸೊಕೇರಿಯಾ ಮರದ ಟೊಂಗೆ ಮುರಿಯಲು ಬಿಡಬೇಡಿ, ಆ ಹಾಲು ಕಣ್ಣಿಗೆ ಅಪಾಯ.

ಸಸಿ ನೆಡುವ ಕಾರ್ಯಕ್ರಮ ಬೇಡವೆಂದೇ ನಮ್ಮ ಸಲಹೆ. ಹಿಂದೆಂದೂ ಕಾಂಡ್ಲ ಇರದ ಬಯಲು ಕೆಸರಿನಲ್ಲಿ ನೆಟ್ಟ ಸಸಿ ಹೆಚ್ಚಾಗಿ ಸಾಯುತ್ತದೆ, ಬದುಕಿದರೂ ಬೆಳಚು (ಕೆಸರಿನ ಚಿಪ್ಪುಜೀವಿ) ಹೆಕ್ಕುವವರ ಮತ್ತು ಹಕ್ಕಿಗಳ ಜಾಗವನ್ನು ತಿನ್ನುತ್ತದೆ. 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಈ ಮಾತು ಇನ್ನೂ ಮುಖ್ಯ, ಬೆಳಚು ಅಲ್ಲಿ ಎಷ್ಟೋ ಮನೆಗಳ ಅನ್ನ. ನೆಡುವ ಬದಲು ಉಪ್ಪು ಅಳೆಯಿಸಿ. ನೀರಿನ ಉಪ್ಪು ತೋರಿಸುವ ರಿಫ್ರಾಕ್ಟೊಮೀಟರನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಸೊನ್ನೆಗೆ ಹೊಂದಿಸಿ, ಮಳೆಗಾಲದ ಕೊನೆಯಲ್ಲಿ ಒಮ್ಮೆ, ಮಾರ್ಚ್–ಏಪ್ರಿಲ್‌ನಲ್ಲಿ ಇನ್ನೊಮ್ಮೆ ಅದೇ ಜಾಗದಲ್ಲಿ, ಅದೇ ತಿಥಿಯ ಸುಮಾರಿಗೆ ನೋಡಿ. ಸಿಹಿಯಾಗಿದ್ದ ನೀರು ಸಮುದ್ರದ ಉಪ್ಪಿನ ಮಟ್ಟವಾದ ಸಾವಿರಕ್ಕೆ 35ರತ್ತ ಏರಿದ್ದು ಕಂಡಾಗ, ಅಳಿವೆಯಂಚಿನ ಉಪ್ಪುನೀರು ನುಗ್ಗುವ ಗಜನಿ ಗದ್ದೆಯವರು ಉಪ್ಪು ತಡೆಯುವ ಕಗ್ಗ ಭತ್ತವನ್ನು ಮಳೆಗಾಲದಲ್ಲೇ ಏಕೆ ಬೆಳೆಯುತ್ತಾರೆ ಎಂಬುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. ಜಾಗದ ಗುರುತಿಗೆ ಕೊಂಬೆಗೆ ಬಟ್ಟೆ ಕಟ್ಟಿದರೆ ನೆರೆನೀರು ಒಯ್ದೀತು. ಫೋನಿನ ಜಿಪಿಎಸ್ ಅಂಕಿಯ ಜೊತೆಗೆ, ದೊಡ್ಡ ಮರವೊಂದನ್ನು ನಡುವೆ ಇಟ್ಟು ನಾಲ್ಕು ದಿಕ್ಕಿನ ಫೋಟೊ ತೆಗೆದಿಡಿ. ಟಿಪ್ಪಣಿ ಪೆನ್ಸಿಲಿನಲ್ಲಿರಲಿ, ಪೆನ್ನಿನ ಶಾಯಿ ನೆನೆದರೆ ಹರಡುತ್ತದೆ.